ಪುಟ್ಟ ಟಾರ್ಚಿಂದ ದೂರದ ಬೆಳಕು: ಆಟ ಇರೋದು ಅರ್ಧ ಮಿಲಿಮೀಟರಲ್ಲಿ

ಟಾರ್ಚ್ ಬಿಚ್ಚಿ ಹೊಸ ಎಲ್ಇಡಿ ಹಾಕಿ, ಆಮೇಲೆ 'ಏನೂ ಫರಕ್ ಬೀಳ್ಲಿಲ್ಲ ಮಾರಾಯ್ರೆ, ದುಡ್ಡು ದಂಡ' ಅನ್ನೋರು ಸುಮಾರು ಜನ ಸಿಗ್ತಾರೆ. ಅವರ ಟಾರ್ಚ್ ಇಸ್ಕೊಂಡು ನೋಡಿದ್ರೆ ಎಲ್ಇಡಿ ಒಳ್ಳೇದೇ ಇರತ್ತೆ, ಸೆಲ್ಲೂ ಒಳ್ಳೇದೇ, ರಿಫ್ಲೆಕ್ಟರ್, ಅಂದ್ರೆ ಎಲ್ಇಡಿ ಸುತ್ತ ಇರೋ ಬಟ್ಟಲಿನಂಥ ಕನ್ನಡಿ, ಮಾತ್ರ ಸೊಟ್ಟ ಕೂತಿರತ್ತೆ, ಇಲ್ಲಾ ಇರ್ಬೇಕಾದ ಜಾಗಕ್ಕಿಂತ ಅರ್ಧ ಮಿಲಿಮೀಟರ್ ಮೇಲೆದ್ದಿರತ್ತೆ. ತೋಟದ ಈ ಕಡೆಯಿಂದ ಬ್ಯಾಟರಿ ಬಿಟ್ರೆ ಆ ಕಡೆ ಬೇಲಿ ಕಾಣ್ಬೇಕು ಅನ್ನೋರಿಗೆ ಇಷ್ಟು ತಪ್ಪಿದ್ರೆ ಸಾಕು, ಎಲ್ಲಾ ಕೆಟ್ಟ ಹಾಗೆ.

ಮೊದಲು ಒಂದು ವಿಷಯ. ದೂರಕ್ಕೂ ಲುಮೆನ್‌ಗೂ ನೇರ ಸಂಬಂಧ ಇಲ್ಲ. ಲುಮೆನ್ ಅಂದ್ರೆ ಒಟ್ಟು ಬೆಳಕು, ದೂರ ಹೋಗೋದನ್ನ ಹೇಳೋದು ಕ್ಯಾಂಡೆಲಾ, ಅಂದ್ರೆ ಒಂದೇ ದಿಕ್ಕಿಗೆ ಬೆಳಕು ಎಷ್ಟು ಜೋರಾಗಿ ಹೋಗತ್ತೆ ಅನ್ನೋ ಅಳತೆ. ಟಾರ್ಚ್ ಡಬ್ಬಿ ಮೇಲೆ ಬರೆಯೋ ಮೀಟರ್ ಲೆಕ್ಕ ಬರೋದು ಹೀಗೆ: ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸೋದು. 10,000 ಕ್ಯಾಂಡೆಲಾ ಇದ್ರೆ 200 ಮೀಟರ್, 40,000 ಇದ್ರೆ 400 ಮೀಟರ್. ಅಂದ್ರೆ ದೂರ ಎರಡರಷ್ಟು ಆಗ್ಬೇಕಾದ್ರೆ ಕ್ಯಾಂಡೆಲಾ ನಾಲ್ಕರಷ್ಟು ಆಗ್ಬೇಕು. ಆ 200 ಮೀಟರಿನ ಕೊನೇಲಿ ಬೀಳೋ ಬೆಳಕು ಕಾಲು ಲಕ್ಸ್ ಅಷ್ಟೇ, ಹುಣ್ಣಿಮೆ ಬೆಳಕಿನ ಹತ್ತಿರ ಹತ್ತಿರ, ಅಲ್ಲಿ ಏನೋ ಇದೆ ಅಂತ ಗೊತ್ತಾಗತ್ತೆ, ದನಾನಾ ಹಂದೀನಾ ಅಂತ ಗೊತ್ತಾಗಲ್ಲ. ಗುರುತು ಸಿಗ್ಬೇಕಾದ್ರೆ ಅದರ ಅರ್ಧ ಲೆಕ್ಕ ಹಿಡೀರಿ. ಜಾತ್ರೇಲಿ, ಆನ್‌ಲೈನಲ್ಲಿ '20,000 ಲುಮೆನ್ ಜೂಮ್ ಟಾರ್ಚ್' ಅಂತ ಮಾರ್ತಾರಲ್ಲ, ಮುಂದೆ ದಪ್ಪ ಲೆನ್ಸ್ ಹಿಂದೆ ಮುಂದೆ ಸರಿಯೋದು, ಅದನ್ನ ಮಾಡಿಫೈ ಮಾಡೋಕೆ ಕೂರ್ಬೇಡಿ. ಜೂಮ್ ಮಾಡಿದಾಗ ಎಲ್ಇಡಿಯ ಚೌಕ ಆಕಾರ ಗೋಡೆ ಮೇಲೆ ಬೀಳತ್ತೆ, ಉಳಿದ ಬೆಳಕೆಲ್ಲ ಒಳಗೇ ಪೋಲು.

ಹಾಗಾದ್ರೆ ಬೇಕಿರೋದು ಏನು? ಸಣ್ಣ ಜಾಗದಿಂದ ಜೋರಾಗಿ ಬರೋ ಬೆಳಕು, ಮತ್ತೆ ನುಣುಪಾದ ರಿಫ್ಲೆಕ್ಟರ್. ಓಸ್ರಾಮ್‌ನ ಚಪ್ಪಟೆ ಎಲ್ಇಡಿ ಬರತ್ತೆ, ಹವ್ಯಾಸಿಗಳು ಡಬ್ಲ್ಯೂ1 ಅಂತಾರೆ, ಬೆಳಕು ಬರೋ ಜಾಗ ಬರೀ ಒಂದು ಚದರ ಮಿಲಿಮೀಟರ್, ಮೇಲೆ ಗುಮ್ಮಟದ ಥರ ಉಬ್ಬಿದ ಲೆನ್ಸ್ ಇಲ್ಲ. ಒಟ್ಟು ಬೆಳಕು ಹಳೇ ದಪ್ಪ ಎಲ್ಇಡಿಗಿಂತ ಕಮ್ಮೀನೇ, ಆದ್ರೆ ದೂರ ಹೋಗತ್ತೆ. ಟಾರ್ಚ್ ಬಾಡಿಗೆ ಕಾನ್ವಾಯ್ ಎಸ್2 ಪ್ಲಸ್ ತಗೊಳ್ಳಿ, ಒಂದು 18650 ಸೆಲ್ (ಚಾರ್ಜ್ ಮಾಡೋ ಲಿಥಿಯಂ ಸೆಲ್) ಹಿಡಿಯೋ ಪುಟ್ಟ ಟಾರ್ಚ್, ಪೂರ್ತಿ ಬಿಚ್ಚೋಕೆ ಬರತ್ತೆ, ಬಿಡಿಭಾಗ ಸಿಗತ್ತೆ. ಜೇಬಿಗೆ ಹಾಕ್ಕೊಳ್ಳೋ ಹಟ ಇಲ್ಲ ಅಂದ್ರೆ ಅದೇ ಕಂಪನಿಯ ಸಿ8 ತಗೊಳ್ಳಿ, ತಲೆ ಅಗಲ, ಯಾಕಂದ್ರೆ ರಿಫ್ಲೆಕ್ಟರ್ ಅಗಲ ಎರಡರಷ್ಟಾದ್ರೆ ಅದೇ ಎಲ್ಇಡಿಗೆ ದೂರಾನೂ ಹೆಚ್ಚುಕಮ್ಮಿ ಎರಡರಷ್ಟು. ಇದಕ್ಕೆ ಅಡ್ಡದಾರಿ ಇಲ್ಲ.

ಎಲ್ಇಡೀನ ಬಿಡಿಯಾಗಿ ತರ್ಬೇಡಿ, ತಾಮ್ರದ ಬೋರ್ಡ್ ಮೇಲೆ ಬೆಸುಗೆ ಹಾಕಿರೋದನ್ನೇ ತನ್ನಿ. ಎಸ್2 ಪ್ಲಸ್‌ಗೆ 16 ಮಿಲಿಮೀಟರ್, ಸಿ8ಗೆ 20. ಅಲ್ಯೂಮಿನಿಯಂ ಬೋರ್ಡ್ ರೇಟ್ ಕಮ್ಮಿ ಅಂತ ತಂದ್ರೆ ಬಿಸಿ ಸರಿಯಾಗಿ ಇಳಿಯಲ್ಲ. ಎಲ್ಇಡಿ ಸೈಜಿಗೆ ತಕ್ಕ ಗ್ಯಾಸ್ಕೆಟ್, ಅಂದ್ರೆ ಎಲ್ಇಡಿ ಸುತ್ತ ಕೂರೋ ಪ್ಲಾಸ್ಟಿಕ್ ರಿಂಗ್, ಜೊತೇಲೇ ಆರ್ಡರ್ ಮಾಡಿ. ರಿಫ್ಲೆಕ್ಟರ್ ನುಣುಪಿಂದು, ತರಿತರಿ ಮೈಯಿಂದು ಬೇಡ. ಉಳಿದ ಸೋಲ್ಡರಿಂಗ್ ಐರನ್, ಥರ್ಮಲ್ ಪೇಸ್ಟ್, ಕ್ಯಾಪ್ಟಾನ್ ಟೇಪ್ (ಬಿಸಿ ತಡ್ಕೊಳ್ಳೋ ಇನ್ಸುಲೇಷನ್ ಟೇಪ್), ಮಲ್ಟಿಮೀಟರ್ ಎಲ್ಲಾ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದೇ ಸುತ್ತಿಗೆ ಸಿಗತ್ತೆ.

ಹಂತ 1. ಸೆಲ್ ತೆಗೆದಿಡಿ, ಮುಂದಿನ ರಿಂಗ್ ಬಿಚ್ಚಿ, ಗಾಜು ಮತ್ತು ರಿಫ್ಲೆಕ್ಟರ್ ಹೊರಗೆ. ರಿಂಗ್ ಜಾಮ್ ಆಗಿದ್ರೆ ರಬ್ಬರ್ ಗ್ಲೌಸ್ ಹಾಕ್ಕೊಂಡು ತಿರುಗಿಸಿ, ಇಕ್ಕಳ ಹಾಕ್ಬೇಡಿ. ರಿಫ್ಲೆಕ್ಟರ್ ಒಳಮೈ ಮುಟ್ಟಲೇಬಾರದು, ಬಟ್ಟೇಲಿ ಒರೆಸೋದಂತೂ ಬೇಡವೇ ಬೇಡ, ಲೇಪ ಗೀರ್ಕೊಂಡು ಹೋಗತ್ತೆ. ಧೂಳಿದ್ರೆ ಕ್ಯಾಮೆರಾ ಬ್ಲೋವರಲ್ಲಿ ಊದಿ.

ಹಂತ 2. ಹಳೇ ಬೋರ್ಡಿನ ಎರಡು ವೈರ್ ಬಿಡಿಸಿ, ತೆಳ್ಳಗೆ ಪೇಸ್ಟ್ ಸವರಿ ಹೊಸ ಬೋರ್ಡ್ ಕೂರಿಸಿ, ಪ್ಲಸ್ ಮೈನಸ್ ಗುರುತು ನೋಡಿ ಬೆಸುಗೆ ಹಾಕಿ. ಬೆಸುಗೆ ಉಂಡೆ ಉಂಡೆಯಾಗಿ ಎದ್ದಿರಬಾರದು, ಚಪ್ಪಟೆ ಇರ್ಬೇಕು, ವೈರ್ ಬೋರ್ಡಿಗೆ ಅಂಟ್ಕೊಂಡು ಮಲಗಿರ್ಬೇಕು. ಮೇಲೆ ಕ್ಯಾಪ್ಟಾನ್ ಟೇಪ್. ಕರೆಂಟ್ ಬಗ್ಗೆ: ಡ್ರೈವರಲ್ಲಿ, ಅಂದ್ರೆ ಎಲ್ಇಡಿಗೆ ಹೋಗೋ ಕರೆಂಟ್ ಹಿಡಿತದಲ್ಲಿಡೋ ಸರ್ಕ್ಯೂಟಲ್ಲಿ, 7135 ಅನ್ನೋ ಪುಟ್ಟ ಚಿಪ್‌ಗಳಿರತ್ತೆ, ಒಂದೊಂದೂ 350 ಅಥವಾ 380 ಮಿಲಿಆಂಪಿಯರ್, ಎಂಟಿದ್ರೆ ಹತ್ತಿರ ಹತ್ತಿರ 3 ಆಂಪಿಯರ್. ಈ ಎಲ್ಇಡಿಗೆ ಕಂಪನಿ ಹೇಳೋ ಮಿತಿ ಒಂದೂವರೆ ಆಂಪಿಯರ್. ತಾಮ್ರದ ಬೋರ್ಡಲ್ಲಿ ಜಾಸ್ತೀನೇ ತಡ್ಕೊಳ್ಳತ್ತೆ, ಆದ್ರೂ ನಾನು ಎರಡು ಚಿಪ್ ಕಿತ್ತು ಆರಕ್ಕೆ ನಿಲ್ಲಿಸ್ತೀನಿ, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ, ಟಾರ್ಚ್ ಕೈ ಸುಡಲ್ಲ.

ಹಂತ 3. ಫೋಕಸ್. ಜನ ಎಡವೋದು ಇಲ್ಲೇ.

ಗ್ಯಾಸ್ಕೆಟ್ ಎಲ್ಇಡಿ ಸುತ್ತ ಕೂತು ಅದರ ಮೇಲೆ ರಿಫ್ಲೆಕ್ಟರಿನ ತೂತು ಕೂರ್ಬೇಕು, ರಿಂಗ್ ಬಿಗಿ ಮಾಡೋವಾಗ ಗ್ಯಾಸ್ಕೆಟ್ ತಿರುಗಿ ಎಲ್ಇಡಿ ಮೇಲೆ ಹತ್ತಿಬಿಡತ್ತೆ, ಚಪ್ಪಟೆ ಎಲ್ಇಡಿ ಮೈಗೆ ಅದು ಉಜ್ಜಿದ್ರೆ ಅಲ್ಲಿಗೆ ಕಥೆ ಮುಗೀತು. ಅದಕ್ಕೆ ಟಾರ್ಚ್ ಬಾಯಿ ಮೇಲೆ ಮಾಡಿ ನಿಲ್ಲಿಸಿ, ರಿಫ್ಲೆಕ್ಟರನ್ನ ಅಂಚಲ್ಲಿ ಹಿಡಿದು ಇಳಿಸಿ, ನೆಟ್ಟಗೆ ಮೇಲಿಂದ ನೋಡಿ. ಹಳದಿ ಚೌಕ ತೂತಿನ ಸರಿಮಧ್ಯ ಕಾಣ್ಬೇಕು. ಆಮೇಲೆ ಮುಂದಿನ ರಿಂಗನ್ನ ಬೆರಳಲ್ಲೇ ಮೆಲ್ಲಗೆ ಬಿಗಿ ಮಾಡಿ, ಮತ್ತೆ ನೋಡಿ.

ಈಗ ಎತ್ತರ. ಗುಮ್ಮಟ ಇದ್ದ ಹಳೇ ಎಲ್ಇಡಿಗೆ ಸರಿಹೋಗಿದ್ದ ಎತ್ತರ ಚಪ್ಪಟೆ ಎಲ್ಇಡಿಗೆ ಸರಿಹೋಗತ್ತೆ ಅನ್ನೋ ಗ್ಯಾರಂಟಿ ಇಲ್ಲ. ಕತ್ತಲಲ್ಲಿ ಹತ್ತು ಮೀಟರ್‌ಗಿಂತ ದೂರದ ಗೋಡೆಗೆ ಕಮ್ಮಿ ಮೋಡಲ್ಲಿ ಬಿಟ್ಟು ನೋಡಿ. ರೂಮಿನ ಗೋಡೆಗೆ ಒಂದು ಮೀಟರಿಂದ ಬಿಟ್ಟು ನೋಡೋರೇ ಜಾಸ್ತಿ, ಅಷ್ಟು ಹತ್ತಿರದಲ್ಲಿ ಸರಿಯಾಗಿ ಫೋಕಸ್ ಆದ ಟಾರ್ಚಲ್ಲೂ ಬೆಳಕಿನ ಮಧ್ಯೆ ಕಪ್ಪು ತೂತು ಕಾಣಬಹುದು, ಉದ್ದಿನ ವಡೆ ಥರ. ಅದನ್ನ ನೋಡಿ ಗಾಬರಿಯಾಗಿ ರಿಫ್ಲೆಕ್ಟರ್ ಉಜ್ಜೋಕೆ ಶುರು ಮಾಡ್ತಾರೆ. ದೂರದ ಗೋಡೇಲೂ ವಡೆ ಕಂಡ್ರೆ ಮಾತ್ರ ತಪ್ಪಿದೆ ಅಂತ ಅರ್ಥ.

ಮೇಲೆತ್ತಬೇಕಾ ಕೆಳಗಿಳಿಸ್ಬೇಕಾ ಅಂತ ತಿಳಿಯೋಕೆ ಸುಲಭದ ದಾರಿ ಎ4 ಹಾಳೆ. ಮಾಮೂಲಿ ಜೆರಾಕ್ಸ್ ಹಾಳೆ ದಪ್ಪ ಹತ್ತಿರ ಹತ್ತಿರ 0.1 ಮಿಲಿಮೀಟರ್. ಗ್ಯಾಸ್ಕೆಟ್ ಅಳತೆಗೆ ಉಂಗುರ ಕತ್ತರಿಸಿ, ಒಂದೊಂದೇ ಗ್ಯಾಸ್ಕೆಟ್ ಕೆಳಗೆ ಹಾಕ್ತಾ, ಪ್ರತಿ ಸಲ ಅದೇ ಗೋಡೆ, ಅದೇ ದೂರ, ಮಧ್ಯದ ಚುಕ್ಕೆ ಸಣ್ಣದಾಗ್ತಿದ್ಯಾ ನೋಡಿ. ಆಗ್ತಿದ್ರೆ ಇನ್ನೊಂದು ಹಾಕಿ. ಚುಕ್ಕೆ ಮತ್ತೆ ದೊಡ್ಡದಾಗೋಕೆ ಶುರುವಾದ ತಕ್ಷಣ ಕೊನೇದು ತೆಗೀರಿ, ಅದೇ ನಿಮ್ಮ ಎತ್ತರ, ಅಷ್ಟೇ ದಪ್ಪದ ಪ್ಲಾಸ್ಟಿಕ್ ಹಾಕಿ ಹಾಳೆ ಬಿಸಾಕಿ, ಬಿಸಿಗೆ ಅದು ಉಳಿಯಲ್ಲ. ಮೊದಲನೇ ಹಾಳೆಗೇ ಕೆಟ್ಟದಾದ್ರೆ ರಿಫ್ಲೆಕ್ಟರ್ ಕೆಳಗಿಳೀಬೇಕು ಅಂತ ಲೆಕ್ಕ. ಆಗ ಗ್ಯಾಸ್ಕೆಟನ್ನೇ ಗಾಜಿನ ಮೇಲಿಟ್ಟ 400 ನಂಬರ್ ಎಮರಿ ಪೇಪರಲ್ಲಿ ಚೂರು ಚೂರೇ ಉಜ್ಜಿ. ರಿಫ್ಲೆಕ್ಟರ್ ಉಜ್ಜಬೇಡಿ, ಅಲ್ಯೂಮಿನಿಯಂ ಪುಡಿ ಎಲ್ಇಡಿ ಮೇಲೆ ಬೀಳತ್ತೆ, ಮತ್ತೆ ಜಾಸ್ತಿ ಹೋದ್ರೆ ವಾಪಸ್ ತರೋಕಾಗಲ್ಲ. ಗ್ಯಾಸ್ಕೆಟ್ ಆದ್ರೆ ಇನ್ನೊಂದು ತರಬಹುದು.

ಗ್ಯಾಸ್ಕೆಟ್ ತೆಳ್ಳಗಾದಷ್ಟೂ ರಿಫ್ಲೆಕ್ಟರ್ ಬೆಸುಗೆಗೆ ತಾಗೋ ಅಪಾಯ. ಈ 7135 ಡ್ರೈವರಲ್ಲಿ ಎಲ್ಇಡಿಯ ಪ್ಲಸ್ ನೇರವಾಗಿ ಸೆಲ್ಲಿನ ಪ್ಲಸ್‌ಗೆ, ಬಾಡಿ ಪೂರ್ತಿ ಮೈನಸ್. ಪ್ಲಸ್ ಬೆಸುಗೆ ರಿಫ್ಲೆಕ್ಟರಿಗೆ ತಾಗಿದ್ರೆ ಲಿಥಿಯಂ ಸೆಲ್ ನೇರ ಶಾರ್ಟ್. ಮೈನಸ್ ತಾಗಿದ್ರೆ ಇನ್ನೊಂದು ಥರ: ಟಾರ್ಚ್ ಉರಿಯತ್ತೆ, ಆದ್ರೆ ಲೋ, ಮೀಡಿಯಂ, ಹೈ ಎಲ್ಲಾ ಒಂದೇ ಪ್ರಕಾಶ, ಯಾಕಂದ್ರೆ ಕರೆಂಟ್ ಡ್ರೈವರನ್ನ ಬಿಟ್ಟು ಹೋಗ್ತಿದೆ. ಇದು ಕಂಡ ಕ್ಷಣ ಆಫ್ ಮಾಡಿ. ಸೆಲ್ ಹಾಕೋ ಮೊದಲೇ ಮಲ್ಟಿಮೀಟರ್ ಬೀಪಲ್ಲಿಟ್ಟು ಒಂದು ಕಡ್ಡಿ ರಿಫ್ಲೆಕ್ಟರ್ ಹೊರಮೈಗೆ, ಇನ್ನೊಂದು ಎರಡೂ ವೈರಿಗೆ ಇಟ್ಟು ನೋಡಿ. ಬೀಪ್ ಬರಬಾರದು.

ಹಂತ 4. ಗಾಜು ಹಾಕಿ ಮುಚ್ಚಿ.

ಸೆಲ್ ವಿಷಯಕ್ಕೆ ಬಂದ್ರೆ '9800 ಎಂಎಎಚ್' ಅಂತ ಬರೆದಿರೋ 18650 ಕಂಡ್ರೆ ಅಂಗಡಿಯಿಂದ ಹೊರಗೆ ಬನ್ನಿ. ಒಳ್ಳೇ ಕಂಪನಿ ಸೆಲ್ ಸಾಮಾನ್ಯವಾಗಿ 2500ರಿಂದ 3500 ಅಷ್ಟೇ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ಸೆಲ್ ತೆಗೆಯೋ ಉಳಿತಾಯಾನೂ ಬೇಡ.

ಎಷ್ಟು ಸುಧಾರಿಸ್ತು ಅಂತ ಅಳೀಬೇಕಾದ್ರೆ ಲಕ್ಸ್ ಮೀಟರ್ ಐದು ಮೀಟರ್ ದೂರದಲ್ಲಿಟ್ಟು ಚುಕ್ಕೆಯ ಮಧ್ಯ ಅದರ ಮೇಲೆ ಬೀಳಿಸಿ, ಬಂದ ಅಂಕಿಯನ್ನ 25ರಿಂದ ಗುಣಿಸಿ, ಅದೇ ಕ್ಯಾಂಡೆಲಾ. 1200 ಲಕ್ಸ್ ಬಂದ್ರೆ 30,000 ಕ್ಯಾಂಡೆಲಾ, ಸುಮಾರು 346 ಮೀಟರ್. ಬಿಚ್ಚೋಕೆ ಮುಂಚೇನೂ ಒಂದು ಸಲ ಅಳೆದು ಬರೆದಿಟ್ಕೊಳ್ಳಿ. ಫೋನ್ ಆ್ಯಪ್ ಅಂಕಿ ನಂಬೋಕಾಗಲ್ಲ, ಮುಂಚೆ-ಆಮೇಲೆ ಹೋಲಿಸೋಕೆ ಮಾತ್ರ ನಡೆಯತ್ತೆ.

ಮಲೆನಾಡಿನ ಮಂಜಲ್ಲಿ, ಜೋರು ಮಳೇಲಿ ಈ ಟಾರ್ಚ್ ಬೆಳ್ಳಗಿನ ಕೋಲು ತೋರಿಸತ್ತೆ ಹೊರತು ಆಚೆ ಇರೋದನ್ನಲ್ಲ, ಆಗ ಅಗಲ ಬೆಳಕಿನ ಹಳೇ ಟಾರ್ಚೇ ವಾಸಿ. ಎದುರು ಬರೋ ಗಾಡಿಗೆ ಬಿಡಬೇಡಿ. ಸಕಲೇಶಪುರ, ಕೊಡಗಿನ ಕಡೆಯೋರು ಆನೆ ಮುಖಕ್ಕಂತೂ ಬಿಡಲೇಬೇಡಿ, ದೂರ ಕಾಣತ್ತೆ ಅನ್ನೋ ಧೈರ್ಯಕ್ಕೆ ಹತ್ತಿರ ಹೋಗೋದೂ ಬೇಡ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಬ್ಯಾಗಲ್ಲಿ ಇಡೋವಾಗ ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲ ಮಾಡಿಡಿ, ಸ್ವಿಚ್ ಒತ್ತಿಹೋದ್ರೂ ಹತ್ತಲ್ಲ, ಹೈ ಮೋಡಲ್ಲಿ ಬಟ್ಟೆಗೆ ತಾಗ್ಕೊಂಡು ಉರಿದ್ರೆ ಬಟ್ಟೆ ಸುಡತ್ತೆ.