ಅಮೆರಿಕದ ಫೋನು, ನಮ್ಮೂರ ಸಿಮ್: ನೆಟ್‌ವರ್ಕ್ ಲಾಕ್ ತೆಗೆಸುವ ಕ್ರಮ ಮತ್ತು ಗ್ರಾಹಕರ ಹಕ್ಕು

ತುಂಗಭದ್ರಾ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯ ಕ್ಯಾಂಪುಗಳಲ್ಲಿ ಮಕ್ಕಳನ್ನು ಓದಿಗೋ ಕೆಲಸಕ್ಕೋ ಅಮೆರಿಕಕ್ಕೆ ಕಳುಹಿಸಿದ ಮನೆಗಳು ಈಗ ಹಲವು. ರಜೆಗೆ ಬರುವಾಗ ಅವರು ಮನೆಯವರಿಗೆಂದು ತರುವ ಸಾಮಾನುಗಳಲ್ಲಿ ಬಳಸಿದ ಫೋನೊಂದು ಸಾಮಾನ್ಯವಾಗಿ ಇರುತ್ತದೆ. ನನ್ನ ಅಕ್ಕನ ಮಗನೂ ತನ್ನ ತಂದೆಗೆಂದು ಹೀಗೆ ಐಫೋನ್ 12 ಒಂದನ್ನು ತಂದಿದ್ದ. ಭಾವನವರ ಸಿಮ್ ಹಾಕಿದೊಡನೆ ಪರದೆಯ ಮೇಲೆ ‘ಸಿಮ್ ನಾಟ್ ಸಪೋರ್ಟೆಡ್’ ಎಂಬ ಸಾಲು ಕಾಣಿಸಿತು. ಸಮೀಪದ ಮೊಬೈಲ್ ಅಂಗಡಿಯೊಂದರಲ್ಲಿ ನಾಲ್ಕೂವರೆ ಸಾವಿರ ರೂಪಾಯಿ ಪಡೆದು, ಸಿಮ್ಮಿನ ಕೆಳಗೆ ತೆಳ್ಳನೆಯ ಚಿಪ್ ಒಂದನ್ನು ಅಂಟಿಸಿ, ‘ಅನ್‌ಲಾಕ್ ಆಯಿತು’ ಎಂದು ಕೊಟ್ಟರು. ಹದಿನೈದು ದಿನ ಮಾತು ನಡೆಯಿತು. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮರುದಿನ ಅದೇ ಸಾಲು ಮತ್ತೆ ಬಂದು ಕುಳಿತಿತು. ಕೊನೆಗೆ ಆ ಬೀಗವನ್ನು ತೆಗೆದದ್ದು ಫೋನನ್ನು ಮಾರಿದ್ದ ಅಮೆರಿಕದ ಕಂಪನಿಯೇ, ಅದೂ ಒಂದು ಪೈಸೆ ಪಡೆಯದೆ. ಆದ್ದರಿಂದ ಅಂಗಡಿಯವರಿಗೆ ಹಣ ಕೊಡುವ ಮೊದಲು ಬೀಗ ಯಾವುದು, ಅದರ ಕೀಲಿ ಯಾರ ಬಳಿ ಇದೆ ಎಂಬುದನ್ನು ತಿಳಿದುಕೊಳ್ಳಬೇಕೆಂದು ಈ ಬರಹದಲ್ಲಿ ವಿವರವಾಗಿ ಹೇಳುತ್ತಿದ್ದೇನೆ.

‘ಫೋನ್ ಲಾಕ್ ಆಗಿದೆ’ ಎಂದು ನಮ್ಮಲ್ಲಿ ಹೇಳುವಾಗ ಅದು ಮೂರು ಬೇರೆ ಬೇರೆ ಸಂಗತಿಗಳಲ್ಲಿ ಯಾವುದಾದರೂ ಆಗಿರಬಹುದು. ಒಂದು, ನೆಟ್‌ವರ್ಕ್ ಲಾಕ್: ಫೋನನ್ನು ಮಾರಿದ ಟೆಲಿಕಾಂ ಕಂಪನಿಯ ಸಿಮ್ ಹೊರತು ಬೇರೆ ಸಿಮ್ ನಡೆಯದು, ಇದರ ಕೀಲಿ ಆ ಕಂಪನಿಯದು. ಇನ್ನೊಂದು, ಮಾಲೀಕನ ಖಾತೆಗೆ ಅಂಟಿಕೊಂಡ ಲಾಕ್: ಐಫೋನಿನಲ್ಲಿ ಆ್ಯಕ್ಟಿವೇಶನ್ ಲಾಕ್, ಆಂಡ್ರಾಯ್ಡ್‌ನಲ್ಲಿ ರೀಸೆಟ್ ಮಾಡಿದ ಮೇಲೂ ಹಳೆಯ ಗೂಗಲ್ ಖಾತೆಯನ್ನು ಕೇಳುವ ಭದ್ರತೆ, ಇದರ ಕೀಲಿ ಹಿಂದಿನ ಮಾಲೀಕನ ಪಾಸ್‌ವರ್ಡ್. ಮೂರನೆಯದು, ಕಂತಿನ ಮೇಲೆ ಕೊಂಡ ಫೋನಿಗೆ ಸಾಲ ಕೊಟ್ಟವರು ಹಾಕುವ ಲಾಕ್. ಒಂದರ ಕೀಲಿಯಿಂದ ಇನ್ನೊಂದನ್ನು ತೆಗೆಯಲಾಗದು. ಹಳೆಯ ಮಾಲೀಕನ ಆ್ಯಪಲ್ ಖಾತೆ ಹಾಗೆಯೇ ಉಳಿದ ಫೋನನ್ನು ‘ನೆಟ್‌ವರ್ಕ್ ಅನ್‌ಲಾಕ್’ ಮಾಡಿಸಲು ಹಣ ಕೊಟ್ಟವರು ಇದ್ದಾರೆ. ಆ ಹಣ ನೀರಿಗೆ ಹಾಕಿದಂತೆಯೇ.

ಪರೀಕ್ಷಿಸುವುದು ಕಷ್ಟವಲ್ಲ. ಐಫೋನಿನಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಜನರಲ್, ಅಲ್ಲಿಂದ ಅಬೌಟ್ ತೆರೆದು ಕೆಳಗೆ ಹೋದರೆ ‘ಕ್ಯಾರಿಯರ್ ಲಾಕ್’ ಎಂಬ ಸಾಲು ಸಿಗುತ್ತದೆ. ಅದರ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ನೆಟ್‌ವರ್ಕ್ ಲಾಕ್ ಇಲ್ಲ ಎಂದರ್ಥ. ಆಂಡ್ರಾಯ್ಡ್‌ನಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಬಗೆಯ ಸಾಲು ಇಲ್ಲದ ಕಾರಣ, ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೇ ಖಚಿತವಾದ ದಾರಿ; ಲಾಕ್ ಇದ್ದರೆ ಅದು ‘ನೆಟ್‌ವರ್ಕ್ ಅನ್‌ಲಾಕ್ ಪಿನ್’ ಕೇಳುತ್ತದೆ. ಆಗ ಯಾರೋ ಹೇಳಿದ ಅಂಕಿಗಳನ್ನು ಒತ್ತಿ ನೋಡುವ ಧೈರ್ಯ ಮಾಡಬಾರದು, ಏಕೆಂದರೆ ತಪ್ಪು ಕೋಡ್ ಹಾಕಲು ಇರುವ ಅವಕಾಶಗಳು ಕೆಲವೇ. ಅವು ಮುಗಿದ ಮೇಲೆ ಸರಿಯಾದ ಕೋಡನ್ನೂ ಫೋನು ಒಪ್ಪದೆ ಹೋಗಬಹುದು. ಇದರ ಜೊತೆಗೆ *#06# ಒತ್ತಿ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು, ಅಂದರೆ ಆ ಫೋನಿನ ಗುರುತು ಸಂಖ್ಯೆಯನ್ನು, ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಮುಂದಿನ ಎಲ್ಲ ಅರ್ಜಿಗಳಿಗೂ ಅದು ಬೇಕಾಗುತ್ತದೆ.

ಇನ್ನು ಕೀಲಿ ಕೇಳುವ ವಿಧಾನ. ಫೋನು ತಂದವರು ಅಮೆರಿಕದಲ್ಲಿ ಆ ಕಂಪನಿಯ ಗ್ರಾಹಕರಾಗಿಯೇ ಇದ್ದರೆ, ಅವರೇ ತಮ್ಮ ಖಾತೆಯಿಂದ ಕೇಳುವುದು ಎಲ್ಲಕ್ಕಿಂತ ಸುಲಭ. ಹೊರಡುವ ಮುನ್ನ, ಅಲ್ಲಿನ ಸಿಮ್ ಚಾಲ್ತಿಯಲ್ಲಿರುವಾಗಲೇ ಕೇಳಿದರೆ ಇನ್ನೂ ಒಳ್ಳೆಯದು. ಉದಾಹರಣೆಗೆ ಎಟಿ ಅಂಡ್ ಟಿ ಕಂಪನಿಯ ಅನ್‌ಲಾಕ್ ಪುಟದಲ್ಲಿ ಐಎಂಇಐ ಮತ್ತು ಇಮೇಲ್ ವಿಳಾಸ ಕೊಟ್ಟು ಅರ್ಜಿ ಹಾಕಬಹುದು; ಈಗ ಅದರ ಗ್ರಾಹಕರಲ್ಲದವರಿಗೂ ಅಲ್ಲಿ ಅವಕಾಶವಿದೆ. ಇಮೇಲ್‌ಗೆ ಬರುವ ಕೊಂಡಿಯನ್ನು ಒತ್ತಿ ಅರ್ಜಿಯನ್ನು ದೃಢೀಕರಿಸದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ. ನಮ್ಮ ಮನೆಯ ಮೊದಲ ಅರ್ಜಿ ಹೀಗೆಯೇ ಹೋಯಿತು, ಆ ಇಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿತ್ತು. ಟಿ-ಮೊಬೈಲ್‌ನ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಅನ್‌ಲಾಕ್ ಕೇಳುವ ವ್ಯವಸ್ಥೆ ಫೋನಿನೊಳಗೇ ಇರುತ್ತದೆ. ಕಂಪನಿಗಳು ಒಡ್ಡುವ ಷರತ್ತುಗಳ ಒಳತಿರುಳು ಮಾತ್ರ ಬಹುಮಟ್ಟಿಗೆ ಒಂದೇ: ಫೋನಿನ ಕಂತು ಪೂರ್ತಿ ತೀರಿರಬೇಕು, ಕಳವಾದದ್ದೆಂದೋ ಕಳೆದುಹೋದದ್ದೆಂದೋ ದಾಖಲಾಗಿರಬಾರದು, ನಿಗದಿತ ಅವಧಿಯವರೆಗೆ ಆ ಕಂಪನಿಯ ಸೇವೆಯಲ್ಲಿ ಬಳಕೆಯಾಗಿರಬೇಕು. ಆ ಅವಧಿ ಕಂಪನಿಯಿಂದ ಕಂಪನಿಗೆ, ಪೋಸ್ಟ್‌ಪೇಯ್ಡ್‌ನಿಂದ ಪ್ರೀಪೇಯ್ಡ್‌ಗೆ ಬದಲಾಗುತ್ತದೆ. ಪ್ರೀಪೇಯ್ಡ್ ಫೋನುಗಳಿಗೆ ಕೆಲವು ಕಡೆ ಒಂದು ವರ್ಷದವರೆಗೂ ಕಾಯಬೇಕಾಗುತ್ತದೆ. ಅಲ್ಲಿ ಅಗ್ಗವಾಗಿ ಸಿಕ್ಕಿತೆಂದು ಪ್ರೀಪೇಯ್ಡ್ ಫೋನು ಕೊಂಡು ತರುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಒಪ್ಪಿಗೆ ಬಂದ ಮೇಲೆ ಐಫೋನಿನಲ್ಲಿ ಯಾವ ಕೋಡನ್ನೂ ಹಾಕುವ ಕೆಲಸವಿಲ್ಲ. ಕಂಪನಿಯು ಆ ಐಎಂಇಐಗೆ ಇದ್ದ ನಿರ್ಬಂಧವನ್ನು ಆ್ಯಪಲ್‌ನ ಸರ್ವರಿನಲ್ಲಿ ತೆಗೆಸುತ್ತದೆ. ವೈಫೈ ಸಂಪರ್ಕದಲ್ಲಿ ಹೊಸ ಸಿಮ್ ಹಾಕಿದಾಗ ಫೋನು ಅಲ್ಲಿಂದ ಹೊಸ ಸ್ಥಿತಿಯನ್ನು ಪಡೆಯುತ್ತದೆ. ಹಳೆಯ ಆಂಡ್ರಾಯ್ಡ್ ಫೋನುಗಳಿಗಾದರೆ ಕಂಪನಿ ಕೋಡ್ ಕಳುಹಿಸುತ್ತದೆ. ಅಂಗಡಿಯ ಚಿಪ್ಪಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ಚಿಪ್ಪು ಬೀಗವನ್ನು ತೆಗೆಯುವುದಿಲ್ಲ, ಒಳಗಿರುವ ಸಿಮ್ ಮೂಲ ಕಂಪನಿಯದೇ ಎಂದು ಫೋನನ್ನು ನಂಬಿಸುತ್ತದೆ. ಆ ನಂಬಿಕೆ ಮುಂದಿನ ಅಪ್‌ಡೇಟ್‌ವರೆಗೆ ಮಾತ್ರ.

ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ‘ಸೇವೆ’ ಐಎಂಇಐ ಬದಲಿಸಿಕೊಡುವುದು. 2023ರ ದೂರಸಂಪರ್ಕ ಕಾಯಿದೆಯ ಪ್ರಕಾರ ಇಂಥ ಗುರುತು ಸಂಖ್ಯೆಯನ್ನು ತಿದ್ದುವುದು ಅಪರಾಧವಾಗಿದ್ದು, ಮೂರು ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಅನ್‌ಲಾಕ್ ಮಾಡಿಸುವುದು ತಪ್ಪಲ್ಲ. ಐಎಂಇಐ ತಿದ್ದಿಸುವುದು ತಪ್ಪು. ಇವೆರಡನ್ನೂ ಒಂದೇ ಎಂಬಂತೆ ಮಾತನಾಡುವ ಅಂಗಡಿಯಿಂದ ಫೋನನ್ನು ವಾಪಸು ತೆಗೆದುಕೊಂಡು ಬರಬೇಕು.

ಅಮೆರಿಕದ ಕಂಪನಿಗಳು ಉಚಿತವಾಗಿ ಬೀಗ ತೆಗೆಯುವುದು ಔದಾರ್ಯದಿಂದಲ್ಲ. ಅಲ್ಲಿನ ಕೃತಿಸ್ವಾಮ್ಯ ಕಾನೂನಿನಡಿ ಫೋನ್ ಅನ್‌ಲಾಕ್ ಮಾಡಿಕೊಳ್ಳಲು ಇದ್ದ ವಿನಾಯಿತಿಯನ್ನು 2012ರಲ್ಲಿ ಹಿಂತೆಗೆದುಕೊಂಡ ಪರಿಣಾಮವಾಗಿ, 2013ರ ಜನವರಿ 26ರ ನಂತರ ಕೊಂಡ ಫೋನನ್ನು ಕಂಪನಿಯ ಅನುಮತಿಯಿಲ್ಲದೆ ಅನ್‌ಲಾಕ್ ಮಾಡುವುದು ಕಾನೂನುಬಾಹಿರವಾಯಿತು. ಇದರ ವಿರುದ್ಧ ಒಂದು ಲಕ್ಷಕ್ಕೂ ಹೆಚ್ಚು ಜನ ಸಹಿ ಮಾಡಿದ ಮನವಿ ಶ್ವೇತಭವನಕ್ಕೆ ಹೋಯಿತು. 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಅವರು ಸಹಿ ಹಾಕಿದ ಕಾಯಿದೆ ಗ್ರಾಹಕರಿಗೆ ಆ ಅವಕಾಶವನ್ನು ಮರಳಿ ಕೊಟ್ಟಿತು. ಆದರೆ ಆ ಕಾಯಿದೆ ಅನ್‌ಲಾಕ್ ಮಾಡುವುದನ್ನು ಕಾನೂನುಬದ್ಧಗೊಳಿಸಿತೇ ಹೊರತು, ಮಾಡಿಕೊಡಲೇಬೇಕೆಂದು ಕಂಪನಿಗಳಿಗೆ ಹೇಳಲಿಲ್ಲ. ಕಂಪನಿಗಳು ತಾವೇ ಒಪ್ಪಿಕೊಂಡ ಸಂಹಿತೆಯಂತೆ ನಡೆಯುತ್ತವೆ. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಅನ್‌ಲಾಕ್ ಶುಲ್ಕ ರದ್ದಾಗಿ, ಹೊಸ ಫೋನುಗಳನ್ನು ಲಾಕ್ ಇಲ್ಲದೆಯೇ ಮಾರಬೇಕಾಗಿದೆ. ಬ್ರಿಟನ್ ಮತ್ತು ಜಪಾನ್ 2021ರಲ್ಲಿ ಇದೇ ಹಾದಿ ಹಿಡಿದವು. ಹಾಗಾಗಿ ಫೋನು ಯಾವ ದೇಶದಲ್ಲಿ, ಯಾವ ವರ್ಷ ಮಾರಾಟವಾಗಿತ್ತೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಬೀಗ ತೆಗೆದ ಮೇಲೂ ಎರಡು ತೊಡಕುಗಳು ಉಳಿಯಬಹುದು. ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರಾಟವಾಗುವ ಐಫೋನುಗಳಲ್ಲಿ ಸಿಮ್ ಇಡುವ ಜಾಗವೇ ಇಲ್ಲ, ಫೋನಿನೊಳಗೇ ಅಡಕವಾಗಿರುವ ಇ-ಸಿಮ್ ಮಾತ್ರ. ಜಿಯೊ, ಏರ್‌ಟೆಲ್, ವಿಐ ಮೂರೂ ಇ-ಸಿಮ್ ಕೊಡುತ್ತವೆ. ಇನ್ನೊಂದು ತೊಡಕು ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚು. ಜಿಯೊಗೆ 2ಜಿ, 3ಜಿ ಜಾಲವಿಲ್ಲದ ಕಾರಣ ಅದರ ಕರೆಗಳು ವೋಲ್ಟಿ, ಅಂದರೆ 4ಜಿ ಜಾಲದ ಮೇಲೆಯೇ ಮಾತು ಸಾಗಿಸುವ ವ್ಯವಸ್ಥೆ, ಮೂಲಕವೇ ಆಗಬೇಕು. ಅಮೆರಿಕದ ಕಂಪನಿಗಾಗಿ ತಯಾರಾದ ಫೋನಿನಲ್ಲಿ ಆ ಸೌಲಭ್ಯ ನಮ್ಮ ಜಾಲಕ್ಕೆ ತೆರೆಯದಿದ್ದರೆ ಇಂಟರ್ನೆಟ್ ನಡೆದರೂ ಮಾತು ನಡೆಯದು. ಇದು ಲಾಕ್ ಅಲ್ಲ, ಇದಕ್ಕೆ ಕೀಲಿಯೂ ಇಲ್ಲ. ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೊಂದೇ ಉಪಾಯ.

ನಮ್ಮ ದೇಶದಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನುಗಳಿಗೆ ಸಾಮಾನ್ಯವಾಗಿ ನೆಟ್‌ವರ್ಕ್ ಲಾಕ್ ಇರುವುದಿಲ್ಲ. 2017ರಲ್ಲಿ 1,500 ರೂಪಾಯಿ ಠೇವಣಿಯ ಮೇಲೆ ಬಂದ ಜಿಯೊಫೋನ್, 2023ರಲ್ಲಿ 999 ರೂಪಾಯಿಗೆ ಬಂದ ಜಿಯೊಭಾರತ್ ಇದಕ್ಕೆ ಅಪವಾದಗಳು. ಇವು ಒಂದೇ ಕಂಪನಿಯ ಸಿಮ್‌ಗೆಂದು ತಯಾರಾದವು, ಅಗ್ಗದ ಬೆಲೆಯ ಹಿಂದಿನ ಲೆಕ್ಕವೂ ಅದೇ. ಉಳಿದಂತೆ ಸಂಖ್ಯೆಯನ್ನು ಹಾಗೆಯೇ ಇಟ್ಟುಕೊಂಡು ಕಂಪನಿ ಬದಲಿಸುವ ಹಕ್ಕು ದೇಶದಾದ್ಯಂತ 2011ರ ಜನವರಿಯಿಂದ ಇದೆ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಮ್ಮ ಸಂಖ್ಯೆಯನ್ನು ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿದರೆ ಹೊಸ ಕಂಪನಿಗೆ ಕೊಡಬೇಕಾದ ಕೋಡ್ ಬರುತ್ತದೆ.

ನಿಜವಾದ ಮೋಸ ನಡೆಯುವುದು ಸೆಕೆಂಡ್‌ಹ್ಯಾಂಡ್ ಮಾರಾಟದಲ್ಲಿ. ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಅಂಗಡಿಯಿಂದ ಹಳೆಯ ಐಫೋನ್ ಕೊಳ್ಳುವವರು, ಐಎಂಇಐ ಸಂಖ್ಯೆಯಿರುವ ಬಿಲ್ಲನ್ನು ಪಡೆದು ಅದರಲ್ಲಿ ‘ಈ ಫೋನಿಗೆ ಯಾವುದೇ ನೆಟ್‌ವರ್ಕ್ ಲಾಕ್, ಖಾತೆ ಲಾಕ್ ಅಥವಾ ಸಾಲದ ಲಾಕ್ ಇಲ್ಲ, ಇದ್ದರೆ ಹಣ ಮರಳಿಸಲಾಗುವುದು’ ಎಂದು ಬರೆಸಿಕೊಳ್ಳಬೇಕು. ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ಕೊಳ್ಳದಿರುವುದೇ ಲೇಸು. ಹಣ ಕೊಡುವ ಮೊದಲು ಇಂಗ್ಲಿಷಿನ ಕೆವೈಎಂ ಅಕ್ಷರಗಳ ನಂತರ ಜಾಗ ಬಿಟ್ಟು ಐಎಂಇಐ ಬರೆದು 14422ಕ್ಕೆ ಸಂದೇಶ ಕಳುಹಿಸಿದರೆ, ಅಥವಾ 2023ರ ಮೇ ತಿಂಗಳಲ್ಲಿ ಆರಂಭವಾದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿದರೆ, ಆ ಸಂಖ್ಯೆಯ ಸ್ಥಿತಿ, ಅಂದರೆ ಅದು ಕಪ್ಪುಪಟ್ಟಿಯಲ್ಲಿದೆಯೇ ಎಂಬುದು, ತಿಳಿಯುತ್ತದೆ.

ಕೊಂಡ ಮೇಲೆ ಲಾಕ್ ಇರುವುದು ಗೊತ್ತಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಮ್ಮ ಕೈಯಲ್ಲಿದೆ. ಅನ್‌ಲಾಕ್‌ಗೆಂದೇ ಅಲ್ಲಿ ಪ್ರತ್ಯೇಕ ಕಲಮು ಇಲ್ಲ, ಆದರೆ ಅದರ ಅಗತ್ಯವೂ ಇಲ್ಲ. ವ್ಯಾಪಾರಿ ತಾನು ಹೇಳಿಕೊಂಡ ಗುಣಮಟ್ಟ ವಸ್ತುವಿನಲ್ಲಿ ಇಲ್ಲದಿದ್ದರೆ ಅದು ‘ದೋಷ’ವೆನಿಸುತ್ತದೆ; ಹಳೆಯ ವಸ್ತುವನ್ನು ಹೊಸದೆಂದು ಮಾರುವುದು, ಬಿಲ್ಲು ಕೊಡದಿರುವುದು, ಬಿಲ್ಲಿನಲ್ಲಿ ಅವಧಿ ನಮೂದಾಗಿರದಿದ್ದರೆ 30 ದಿನಗಳೊಳಗೆ ದೋಷಯುಕ್ತ ವಸ್ತುವನ್ನು ಹಿಂಪಡೆಯಲು ನಿರಾಕರಿಸುವುದು, ಇವೆಲ್ಲ ಅನುಚಿತ ವ್ಯಾಪಾರ ಪದ್ಧತಿಗಳು. ಮೊದಲು ಅಂಗಡಿಗೆ ಲಿಖಿತ ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು. ಜೊತೆಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಅದರಿಂದ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬೇಕು. ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದಾದ್ದರಿಂದ, ಬೆಂಗಳೂರಿನ ಅಂಗಡಿಯಿಂದಲೋ ಆನ್‌ಲೈನ್‌ನಲ್ಲೋ ತರಿಸಿಕೊಂಡ ಕುಷ್ಟಗಿಯವರು ಕೊಪ್ಪಳಕ್ಕೆ ಹೋದರೆ ಸಾಕು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು. ದೂರು ಟೆಲಿಕಾಂ ಕಂಪನಿಯ ಮೇಲೆಯೇ ಇದ್ದರೂ ಆಯೋಗ ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಪರಿಚಯದವರಿಂದ ಖಾಸಗಿಯಾಗಿ ಕೊಂಡ ಫೋನಿಗೆ ಮಾತ್ರ ಈ ದಾರಿ ಸಿಗುವುದು ಕಷ್ಟ.

ಕಂತಿನ ಲಾಕ್‌ಗೆ ಸಂಬಂಧಿಸಿ ಹೇಳಬೇಕಾದದ್ದು ಸ್ವಲ್ಪವೇ. ಕೊನೆಯ ಕಂತು ಕಟ್ಟಿದ ದಿನವೇ ಬಾಕಿ ಇಲ್ಲವೆಂಬ ಪತ್ರವನ್ನು ಕೇಳಿ ಪಡೆಯಬೇಕು, ಮತ್ತು ಲಾಕ್ ಆ್ಯಪ್ ಅಥವಾ ನಿಯಂತ್ರಣವನ್ನು ಫೋನಿನಿಂದ ತೆಗೆದಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಅದನ್ನು ತೆಗೆಯದೆ ಬಿಟ್ಟರೆ, ಮುಂದೆ ಆ ಫೋನನ್ನು ಮಾರುವಾಗ ಕೊಂಡವರ ದೂರು ನಮ್ಮ ಮನೆಬಾಗಿಲಿಗೇ ಬರುತ್ತದೆ.