ಕಾಲು ಉಳುಕಿದರೆ: ಮೊದಲ ದಿನದಿಂದ ಮತ್ತೆ ಅಂಕಣಕ್ಕಿಳಿಯುವವರೆಗೆ

ವಾಲಿಬಾಲ್‌ನಲ್ಲಿ ಸ್ಮ್ಯಾಶ್ ಹೊಡೆದು ಕೆಳಗಿಳಿಯುವಾಗ ಪಾದ ನೆಟ್‌ನಡಿ ಎದುರಾಳಿಯ ಪಾದದ ಮೇಲೆ ಬೀಳುತ್ತದೆ. ಕಬಡ್ಡಿಯಲ್ಲಿ ರೇಡರ್ ತಿರುಗುವ ಗಳಿಗೆಯಲ್ಲೇ ಮೂಲೆಯ ಆಟಗಾರ ಕಾಲಿನ ಗೆಣ್ಣಿಗೆ ಕೈಹಾಕುತ್ತಾನೆ. ಷಟಲ್ ಆಡುವವರು ಓಟದ ಶೂ ಹಾಕಿಕೊಂಡೇ ಪಕ್ಕಕ್ಕೆ ಹಾರುತ್ತಾರೆ. ಮೂರರಲ್ಲೂ ಆಗುವುದು ಒಂದೇ: ಅಂಗಾಲು ಒಳಕ್ಕೆ ಮಗುಚುತ್ತದೆ, ಮೈಭಾರವೆಲ್ಲ ಗೆಣ್ಣಿನ ಹೊರಬದಿಯ ಮೇಲೆ ಬೀಳುತ್ತದೆ, ಅಲ್ಲಿನ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಬಿಗಿದಿಡುವ ಪಟ್ಟಿ, ಹರಿಯುತ್ತದೆ.

ಹೊರಬದಿಯಲ್ಲಿ ಮೂರು ಲಿಗಮೆಂಟ್‌ಗಳಿವೆ. ಕಣಕಾಲಿನ ಹೊರಬದಿಯ ಫಿಬ್ಯುಲಾ ಮೂಳೆಯ ತುದಿಯಿಂದ ಮುಂದಕ್ಕೆ ಹೋಗುವ ಎಟಿಎಫ್‌ಎಲ್ ಮೂರರಲ್ಲಿ ದುರ್ಬಲ, ಸಾಮಾನ್ಯವಾಗಿ ಮೊದಲು ಹರಿಯುವುದು ಅದೇ. ಪೆಟ್ಟು ಜೋರಾಗಿದ್ದರೆ ಹಿಮ್ಮಡಿಗೆ ಇಳಿಯುವ ಸಿಎಫ್‌ಎಲ್‌ಗೂ ಏಟು ಬೀಳುತ್ತದೆ. ಹಿಂಬದಿಯದು ಬಹುತೇಕ ಉಳಿದುಕೊಳ್ಳುತ್ತದೆ. ಎಳೆಗಳು ಬರೀ ಹಿಗ್ಗಿದ್ದರೆ ಮೊದಲ ದರ್ಜೆ, ಭಾಗಶಃ ಹರಿದಿದ್ದರೆ ಎರಡನೆಯದು, ಪೂರ್ತಿ ತುಂಡಾಗಿದ್ದರೆ ಮೂರನೆಯದು.

ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದೇಕೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಲಿಗಮೆಂಟ್ ಬರೀ ಹಗ್ಗವಲ್ಲ. ಪಾದ ಎಷ್ಟು ವಾಲಿದೆ ಎಂಬ ಸುದ್ದಿ ಮುಟ್ಟಿಸುವ ನರತುದಿಗಳು ಅದರೊಳಗಿವೆ. ಅದು ಹರಿದಾಗ ಆ ಸುದ್ದಿಯೂ ಮಂಕಾಗುತ್ತದೆ. ಪಾದವನ್ನು ಹೊರಕ್ಕೆಳೆದು ಕಾಪಾಡಬೇಕಾದ ಪೆರೋನಿಯಲ್ ಸ್ನಾಯುಗಳು ತಡವಾಗಿ ಎಚ್ಚರಗೊಳ್ಳುತ್ತವೆ, ಅಷ್ಟರಲ್ಲಿ ಕಾಲು ಮಗುಚಿರುತ್ತದೆ. ನೋವು ಎರಡು ವಾರದಲ್ಲಿ ಹೋಗಬಹುದು, ಈ ಎಚ್ಚರ ತಾನಾಗಿ ಮರಳುವುದಿಲ್ಲ. ಕ್ರೀಡಾ ಫಿಸಿಯೋಥೆರಪಿಯ ಮುಖ್ಯ ಕೆಲಸ ಶುರುವಾಗುವುದು ನೋವು ನಿಂತ ಮೇಲೆ. ನಮ್ಮಲ್ಲಿ ಹೆಚ್ಚಿನವರು ಕ್ಲಿನಿಕ್‌ಗೆ ಹೋಗುವುದನ್ನು ನಿಲ್ಲಿಸುವುದೂ ಆಗಲೇ.

ಮೊದಲು ಮೂಳೆ ನೋಡಿ

ಎಕ್ಸ್‌ರೇ ಬೇಕೇ ಎಂದು ತೀರ್ಮಾನಿಸಲು ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇಂದಿಗೂ ಬಳಕೆಯಲ್ಲಿವೆ. ಬೇಕಿರುವುದು ನಿಮ್ಮ ಹೆಬ್ಬೆರಳು ಮಾತ್ರ. ಗೆಣ್ಣಿನ ಹೊರ ಉಬ್ಬಿನ ತುದಿ ಮತ್ತು ಅದರ ಹಿಂಬದಿ ಅಂಚನ್ನು ಕೆಳಗಿನಿಂದ ಮೇಲಕ್ಕೆ 6 ಸೆಂ.ಮೀ.ವರೆಗೆ ಒತ್ತಿ ನೋಡಿ. ಒಳ ಉಬ್ಬಿಗೂ ಹಾಗೆಯೇ ಮಾಡಿ. ಆಮೇಲೆ ಪಾದದ ಹೊರ ಅಂಚಿನ ನಡುವೆ ಕೈಗೆ ಸಿಗುವ ಗುಬುಟು, ಕೊನೆಗೆ ಒಳ ಉಬ್ಬಿನ ಮುಂದೆ ಸ್ವಲ್ಪ ಕೆಳಗಿರುವ ಮೂಳೆ. ಇವುಗಳಲ್ಲಿ ಎಲ್ಲಾದರೂ ಮೂಳೆಯ ಮೇಲೆಯೇ ಚುರುಕ್ಕೆನ್ನುವ ನೋವಿದ್ದರೆ ಎಕ್ಸ್‌ರೇ ಬೇಕು. ಪೆಟ್ಟಾದ ತಕ್ಷಣವೂ ಈಗಲೂ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಎಕ್ಸ್‌ರೇ ಬೇಕು. ಎರಡೂ ಇಲ್ಲವಾದರೆ ಮೂಳೆ ಮುರಿದಿರುವ ಸಾಧ್ಯತೆ ಬಹಳ ಕಡಿಮೆ.

ಈ ಪರೀಕ್ಷೆ ಎಲ್ಲರಿಗೂ ಹೊಂದುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಇದನ್ನು ನಂಬಬಾರದು. ಬೆಳೆಯುವ ಮಕ್ಕಳಲ್ಲಿ ಲಿಗಮೆಂಟ್‌ಗಿಂತ ಮೂಳೆಯ ಬೆಳವಣಿಗೆಯ ಪದರವೇ ಮೆತ್ತಗಿರುವುದರಿಂದ ಅವರನ್ನು ವೈದ್ಯರಿಗೆ ತೋರಿಸುವುದೇ ಸರಿ. ಪಾದದ ಆಕಾರ ಕೆಟ್ಟಿದ್ದರೆ, ಬೆರಳು ಬಿಳಿಚಿ ತಣ್ಣಗಾಗಿದ್ದರೆ, ಜೋಮು ಹಿಡಿದಿದ್ದರೆ ಒತ್ತಿ ನೋಡುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ. "ಟಪ್" ಎಂದು ಸದ್ದು ಬಂತು ಎನ್ನುವುದರಿಂದ ಮಾತ್ರ ಏನೂ ನಿರ್ಧಾರವಾಗುವುದಿಲ್ಲ. ಲಿಗಮೆಂಟ್ ಹರಿದರೂ ಸದ್ದು ಬರುತ್ತದೆ, ಮೂಳೆ ಮುರಿದರೂ ಬರುತ್ತದೆ.

ಮೊದಲ ಮೂರು ದಿನ

ವಿಶ್ರಾಂತಿ, ಐಸ್, ಒತ್ತುಕಟ್ಟು, ಕಾಲು ಎತ್ತಿಡುವುದು: "ರೈಸ್" ಎಂಬ ಈ ಸೂತ್ರಕ್ಕೆ 1978ರಲ್ಲಿ ಹೆಸರಿಟ್ಟವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಐಸ್ ಮತ್ತು ಪೂರ್ಣ ವಿಶ್ರಾಂತಿ ವಾಸಿಯಾಗುವುದನ್ನು ನಿಧಾನಿಸಬಹುದೆಂದು ಮುಂದೆ ಅವರೇ ಹೇಳಿದರು. ಈಗಿನ ರೂಢಿ ಹೀಗಿದೆ: ಐಸ್ ನೋವು ತಗ್ಗಿಸಲು ಮಾತ್ರ, ಒದ್ದೆ ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಐಸ್ ತುಂಡನ್ನು ನೇರವಾಗಿ ಚರ್ಮಕ್ಕಿಟ್ಟರೆ ಚರ್ಮ ಸುಡುತ್ತದೆ. ಬಾವು ತಡೆಯುವ ಕೆಲಸವನ್ನು ಒತ್ತುಕಟ್ಟು ಮತ್ತು ಎತ್ತರಕ್ಕೆ ಬಿಡಿ. ಹಿಮ್ಮಡಿ ಎದೆಗಿಂತ ಮೇಲಿರುವಂತೆ ಮಲಗಬೇಕು. ಕುರ್ಚಿಯಲ್ಲಿ ಕೂತು ಮುಂದಿನ ಸ್ಟೂಲಿನ ಮೇಲೆ ಕಾಲಿಟ್ಟರೆ ಅದು ಎತ್ತಿಟ್ಟಂತಾಗುವುದಿಲ್ಲ.

ಕಟ್ಟಲು 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್ ತೆಗೆದುಕೊಳ್ಳಿ. ಹತ್ತಿಬಟ್ಟೆಯನ್ನು ಕುದುರೆ ಲಾಳದಂತೆ ಮಡಚಿ ಹೊರ ಉಬ್ಬಿನ ಕೆಳಗೆ ಸುತ್ತ ಇಡಿ. ರಕ್ತ, ನೀರು ಶೇಖರವಾಗುವುದು ಆ ಗುಂಡಿಯಲ್ಲೇ, ಲಾಳವಿಲ್ಲದೆ ಕಟ್ಟಿದರೆ ಬ್ಯಾಂಡೇಜ್ ಉಬ್ಬನ್ನಷ್ಟೇ ಒತ್ತಿ ಗುಂಡಿಯನ್ನು ಹಾಗೇ ಬಿಡುತ್ತದೆ. ಪಾದವನ್ನು ಕಣಕಾಲಿಗೆ ಲಂಬಕೋನದಲ್ಲಿರಿಸಿ ಬೆರಳುಗಳ ಬುಡದಿಂದ ಶುರುಮಾಡಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ, ಗೆಣ್ಣಿನ ಬಳಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತುತ್ತ ಮೇಲಕ್ಕೆ ಹೋಗಿ. ಕೆಳಗೆ ಬಿಗಿಯಿರಲಿ, ಮೇಲೆ ಹೋದಂತೆ ಸಡಿಲವಾಗಲಿ. ಬೆರಳ ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಬಣ್ಣ ಮರಳಬೇಕು, ಮರಳದಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ರಾತ್ರಿ ಮಲಗುವಾಗ ತೆಗೆದಿಡಿ.

ಉಳುಕು ತೆಗೆಯುವವರ ಕೈಗೆ ಈ ದಿನಗಳಲ್ಲಿ ಕಾಲು ಕೊಡಬೇಡಿ. ಉಳುಕಿನಲ್ಲಿ ಯಾವ ಮೂಳೆಯೂ ಜಾರಿರುವುದಿಲ್ಲ, ಸರಿಸಿ ಕೂರಿಸಲು ಅಲ್ಲಿ ಏನೂ ಇಲ್ಲ. ಬಿಸಿ ಎಣ್ಣೆ ಹಚ್ಚಿ ನೀವಿದರೆ, ಬಿಸಿನೀರಿನ ಶಾಖ ಕೊಟ್ಟರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ, ಮರುದಿನ ಪಾದ ಕುಂಬಳಕಾಯಿಯಾಗುತ್ತದೆ. ಅರಿಶಿನ-ಸುಣ್ಣದ ಪಟ್ಟು ಹಾಕುವುದಾದರೆ ಸುಣ್ಣ ಚರ್ಮ ಸುಡದಂತೆ ನೋಡಿಕೊಳ್ಳಿ. ಹರಿದ ಎಳೆಗಳ ಮಟ್ಟಿಗೆ ಅದರಿಂದ ಲಾಭವೂ ಇಲ್ಲ.

ಹಾಸಿಗೆ ಹಿಡಿಯುವ ಅಗತ್ಯವಿಲ್ಲ. ನೋವು ಹತ್ತರಲ್ಲಿ ಮೂರು ಮೀರದಷ್ಟು ಭಾರ ಹಾಕಿ ನಡೆಯಿರಿ. ಒಂದೇ ಊರುಗೋಲು ಬಳಸುವುದಾದರೆ ಅದು ಪೆಟ್ಟಾಗದ ಕಾಲಿನ ಕಡೆಯ ಕೈಯಲ್ಲಿರಬೇಕು. ಬಹುತೇಕ ಎಲ್ಲರೂ ಪೆಟ್ಟಾದ ಬದಿಯಲ್ಲೇ ಹಿಡಿದು ಇನ್ನಷ್ಟು ಕುಂಟುತ್ತಾರೆ.

ಫಿಸಿಯೋ ಬಳಿ ಹೋಗಲು ಒಳ್ಳೆಯ ದಿನ ನಾಲ್ಕನೆಯದು ಅಥವಾ ಐದನೆಯದು. ಮೊದಲ ದಿನದ ಬಾವು, ನೋವು, ಬಿಗಿದ ಸ್ನಾಯುಗಳ ನಡುವೆ ಗೆಣ್ಣು ಎಷ್ಟು ಸಡಿಲವಾಗಿದೆ ಎಂದು ಯಾರಿಗೂ ಸರಿಯಾಗಿ ಹೇಳಲಾಗುವುದಿಲ್ಲ. ಆ ಭೇಟಿಯಲ್ಲಿ ಅವರು ಹಿಮ್ಮಡಿಯನ್ನು ಮುಂದಕ್ಕೆಳೆದು ನೋಡಬೇಕು, ಕಣಕಾಲಿನ ಎರಡು ಮೂಳೆಗಳ ನಡುವಿನ ಜಾಗವನ್ನು ಗೆಣ್ಣಿನ ಮೇಲ್ಗಡೆ ಒತ್ತಿ ನೋಡಬೇಕು. ಅಲ್ಲಿ ನೋವಿದ್ದರೆ ಅದು "ಹೈ ಆಂಕಲ್" ಉಳುಕು, ಅದಕ್ಕೆ ಬೇಕಾಗುವ ಸಮಯವೂ ಹೆಚ್ಚು. ಇದ್ಯಾವುದನ್ನೂ ಮಾಡದೆ ಹತ್ತು ದಿನ ಅಲ್ಟ್ರಾಸೌಂಡ್ ಮಷೀನು ಇಟ್ಟು ಕಳಿಸುವ ಕಡೆ ದುಡ್ಡು ಸುರಿಯಬೇಡಿ. ವ್ಯಾಯಾಮದಿಂದ ಬರುವ ಫಲ ಮಷೀನಿನಿಂದ ಬರುವುದಿಲ್ಲ.

ಚಲನೆ, ಬಲ, ಸಮತೋಲ

ಎರಡನೇ ದಿನದಿಂದಲೇ ಪಾದವನ್ನು ಮೇಲೆ-ಕೆಳಗೆ 20 ಸಲ ಆಡಿಸಿ, ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ. ನಾಲ್ಕೈದು ದಿನದ ಮೇಲೆ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ನಮ್ಮ ಅಕ್ಷರಗಳು ದುಂಡಗಿರುವುದು ಇಲ್ಲಿ ಅನುಕೂಲವೇ, ಗೆಣ್ಣು ಎಲ್ಲ ದಿಕ್ಕಿಗೂ ತಿರುಗುತ್ತದೆ. ಮಂಡಿ ಅಲ್ಲಾಡಬಾರದು.

ಕೂರುವ ಭಂಗಿಯ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಹೇಳುವವರು ಕಡಿಮೆ. ಚಕ್ಕಳಮಕ್ಕಳ ಹಾಕಿ ಕೂತಾಗ ಪಾದ ಒಳಕ್ಕೆ ವಾಲುತ್ತದೆ, ವಜ್ರಾಸನದಲ್ಲಿ ಪೂರ್ತಿ ಕೆಳಕ್ಕೆ ಚಾಚುತ್ತದೆ. ಎರಡರಲ್ಲೂ ಎಳೆತ ಬೀಳುವುದು ಹರಿದ ಎಟಿಎಫ್‌ಎಲ್ ಮೇಲೆಯೇ. ಮೊದಲ ಮೂರು ವಾರ ಊಟಕ್ಕೂ ಪೂಜೆಗೂ ಕುರ್ಚಿ ಹಾಕಿಕೊಳ್ಳಿ. ವಜ್ರಾಸನ ಆರು ವಾರ ಕಾಯಬಹುದು.

ಇನ್ನೊಂದೆಡೆ, ಪಾದ ಮೇಲ್ಮುಖವಾಗಿ ಮಡಚುವುದನ್ನು ಬೇಗ ಮರಳಿ ಪಡೆಯಬೇಕು. ಗೋಡೆಯತ್ತ ಮುಖಮಾಡಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ. ತಾಗುತ್ತಿದ್ದರೆ ಪಾದವನ್ನು ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸಿ. ಹೆಬ್ಬೆರಳಿನಿಂದ ಗೋಡೆಗೆ ಎಷ್ಟು ಸೆಂ.ಮೀ. ಎಂದು ಎರಡೂ ಕಾಲುಗಳಲ್ಲಿ ಅಳೆಯಿರಿ. ಸುಮಾರು 10 ಸೆಂ.ಮೀ. ಒಳ್ಳೆಯ ಅಳತೆ, ಎರಡು ಕಾಲುಗಳ ವ್ಯತ್ಯಾಸ 2 ಸೆಂ.ಮೀ. ಒಳಗಿರಬೇಕು. ಹಿಮ್ಮಡಿ ನೆಲದಲ್ಲೇ ಇಟ್ಟು ಕುಕ್ಕರುಗಾಲಲ್ಲಿ ಕೂರಲಾಗದೆ ಒಂದು ಬದಿಗೆ ವಾಲುತ್ತಿದ್ದರೆ ಕಾರಣ ಇದೇ.

ಬಲಕ್ಕೆ ಎರಡು ವ್ಯಾಯಾಮ ಸಾಕು. ಮೊದಲನೆಯದಕ್ಕೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಮಂಚದ ಕಾಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಪಾದದ ಮುಂಭಾಗಕ್ಕೆ ಸುತ್ತಿಕೊಳ್ಳಿ. ಪಾದವನ್ನು ಹೊರಕ್ಕೆ ತಳ್ಳಲು ಎರಡು ಸೆಕೆಂಡು, ಮರಳಿ ಬಿಡಲು ನಾಲ್ಕು ಸೆಕೆಂಡು. 15ರಂತೆ ಮೂರು ಸುತ್ತು. ತೊಡೆಯನ್ನು ಹೊರಳಿಸಿ ಪಾದ ತಿರುಗಿಸುವುದು ಇಲ್ಲಿನ ಸಾಮಾನ್ಯ ಕಳ್ಳಾಟ. ಮಂಡಿಚಿಪ್ಪು ಸದಾ ಮೇಲ್ಮುಖವಾಗಿರಲಿ. ಎರಡನೆಯದು ಹಿಮ್ಮಡಿ ಎತ್ತುವುದು: ಮೊದಲು ಎರಡೂ ಕಾಲಲ್ಲಿ, ಸಲೀಸಾದ ಮೇಲೆ ಒಂದೇ ಕಾಲಲ್ಲಿ, ಎರಡು ಸೆಕೆಂಡಿಗೊಂದರಂತೆ, ಮೆಟ್ಟಿಲ ಅಂಚಿನಲ್ಲಿ. ಮೇಲೇರುವಾಗ ಭಾರ ಕಿರುಬೆರಳಿನತ್ತ ಜಾರಿದರೆ ಮತ್ತೆ ಉಳುಕುವ ದಾರಿಯನ್ನೇ ಅಭ್ಯಾಸ ಮಾಡಿದಂತೆ. ಹೆಬ್ಬೆರಳಿನ ಬುಡವನ್ನು ಒತ್ತಿ ಹಿಡಿಯಿರಿ. ಗುರಿ ನಡುವೆ ನಿಲ್ಲಿಸದೆ ಒಂದೇ ಸುತ್ತಿನಲ್ಲಿ 20ರಿಂದ 25.

ಸಮತೋಲದ ಅಭ್ಯಾಸಕ್ಕೆ ಬೆಳಗ್ಗೆ ಹಲ್ಲುಜ್ಜುವ ಎರಡು ನಿಮಿಷ ಮೀಸಲಿಡಿ. ಬರಿಗಾಲಲ್ಲಿ, ಒಂದೇ ಕಾಲಲ್ಲಿ ನಿಲ್ಲಿ. ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ ಈ ಮೂರೂ ನೆಲಕ್ಕೆ ತಾಗಿರಲಿ. 30 ಸೆಕೆಂಡು ಅಲುಗದೆ ನಿಂತರೆ ಗೋಡೆಯ ಪಕ್ಕ ಹೋಗಿ ಕಣ್ಣು ಮುಚ್ಚಿ. ಅದೂ ಸಲೀಸಾದರೆ ಮಡಚಿದ ಹಾಸಿಗೆಯ ಮೇಲೆ. ಆಮೇಲೆ ಯಾರಾದರೂ ಎಸೆದ ಚೆಂಡು ಹಿಡಿಯುತ್ತ. ಕೊನೆಯದು ಮುಖ್ಯ, ಏಕೆಂದರೆ ಆಟದಲ್ಲಿ ನಿಮ್ಮ ಗಮನ ಕಾಲಿನ ಮೇಲಿರುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂದಿನ ಚಿಕಿತ್ಸೆ ಮುಗಿದ ಮೇಲೆ ಇಂಥ ಅಭ್ಯಾಸವನ್ನು ಮನೆಯಲ್ಲೇ 8 ವಾರ ಮಾಡಿದ ಆಟಗಾರರಲ್ಲಿ ಮರು ಉಳುಕು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು.

ಯಾವಾಗ ಓಡಬಹುದು?

ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ. ಮೊದಲ ದರ್ಜೆಗೆ ಒಂದರಿಂದ ಮೂರು ವಾರ, ಎರಡನೆಯದಕ್ಕೆ ಮೂರರಿಂದ ಆರು ವಾರ, ಮೂರನೆಯದಕ್ಕೆ ಮೂರು ತಿಂಗಳು ಅಥವಾ ಹೆಚ್ಚು ಎಂಬುದು ಬರೀ ಅಂದಾಜು. ಕುಂಟದೆ 30 ನಿಮಿಷ ನಡಿಗೆ, ಒಂಟಿಗಾಲಲ್ಲಿ 20 ಹಿಮ್ಮಡಿ ಎತ್ತು, ಕುಂಟಾಬಿಲ್ಲೆಯಂತೆ ನಿಂತಲ್ಲೇ 10 ನೋವಿಲ್ಲದ ನೆಗೆತ: ಇವು ಬಂದರೆ ಓಡಬಹುದು. ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಸಲ, ಸಮತಟ್ಟು ನೆಲದಲ್ಲಿ ನೇರ ಗೆರೆಯಲ್ಲಿ. ಮರುದಿನ ಬೆಳಗ್ಗೆ ಬಾವು ಕಂಡರೆ ಒಂದು ಮೆಟ್ಟಿಲು ಕೆಳಗಿಳಿಯಿರಿ, ಕಾಣದಿದ್ದರೆ ಮುಂದಿನ ಸಲ ದೊಡ್ಡ ಎಂಟರ ಆಕಾರದ ಓಟ, ಆಮೇಲೆ ಪಕ್ಕಚಲನೆ, ಕೊನೆಗೆ ತಟಕ್ಕನೆ ತಿರುಗುವುದು.

ಆಟಕ್ಕೆ ಮರಳುವ ಮುನ್ನ ಒಂಟಿಗಾಲಲ್ಲಿ ಮುಂದಕ್ಕೆ ಹಾರಿ ಅದೇ ಕಾಲಲ್ಲಿ ಇಳಿದು ಅಳೆಯಿರಿ, ಪ್ರತಿ ಕಾಲಿಗೆ ಮೂರು ಯತ್ನ. ಒಳ್ಳೆಯ ಕಾಲು 150 ಸೆಂ.ಮೀ. ಹಾರಿದರೆ ಉಳುಕಿದ್ದು 135 ಆದರೂ ಹಾರಬೇಕು, ಅಂದರೆ ಶೇ. 90. ಅಳತೆಯಷ್ಟೇ ಇಳಿಯುವ ರೀತಿಯನ್ನೂ ನೋಡಿ. ದೂರ ಸರಿಯಿದ್ದು ಇಳಿದಾಗ ಗೆಣ್ಣು ಅತ್ತಿತ್ತ ಹೊಯ್ದಾಡಿದರೆ ಪಾಸಾದಂತಲ್ಲ.

ಮರಳಿದ ಮೇಲೆ ಆರು ತಿಂಗಳಿಂದ ಒಂದು ವರ್ಷ, ಆಡುವಾಗ ಮಾತ್ರ, ಲೇಸ್ ಕಟ್ಟುವ ಆಂಕಲ್ ಬ್ರೇಸ್ ಧರಿಸಿ. ಕ್ರೇಪ್ ಬ್ಯಾಂಡೇಜ್ ಅಥವಾ ಕಾಲುಚೀಲದಂಥ ಸ್ಥಿತಿಸ್ಥಾಪಕ ಪಟ್ಟಿ ಪಾದ ಮಗುಚುವುದನ್ನು ತಡೆಯುವುದಿಲ್ಲ. ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಕಬಡ್ಡಿ ಆಡುವವರಿಗೆ ಬ್ರೇಸ್ ಒಗ್ಗದಿದ್ದರೆ ಬಿಗಿ ಟೇಪ್ ಹಾಕಿಸಿಕೊಳ್ಳಬಹುದು, ಆದರೆ ಆಡಿದ ಅರ್ಧ ಗಂಟೆಯೊಳಗೇ ಅದು ಸಡಿಲವಾಗುತ್ತದೆ, ವಿರಾಮದಲ್ಲಿ ಮತ್ತೆ ಕಟ್ಟಬೇಕು. ಷಟಲ್‌ಗೆ ಓಟದ ಶೂ ಬೇಡ. ಅದರ ಎತ್ತರದ ಮೆತ್ತನೆ ಹಿಮ್ಮಡಿ ಪಕ್ಕಕ್ಕೆ ವಾಲಿದಾಗ ಸನ್ನೆಗೋಲಾಗುತ್ತದೆ. ಚಪ್ಪಟೆ ಗಮ್ ಸೋಲ್ ಇರುವ ಕೋರ್ಟ್ ಶೂ ತೆಗೆದುಕೊಳ್ಳಿ.

ತಂಡದ ಕೋಚ್ ಆಗಿದ್ದರೆ ಫಿಫಾ 2006ರಲ್ಲಿ ಹೊರತಂದ "11 ಪ್ಲಸ್" ವಾರ್ಮ್‌ಅಪ್ ನೋಡಿ. 8 ನಿಮಿಷ ನಿಧಾನ ಓಟ, 10 ನಿಮಿಷ ಬಲ-ನೆಗೆತ-ಸಮತೋಲ, 2 ನಿಮಿಷ ವೇಗದ ಓಟ. ವಾರಕ್ಕೆ ಕನಿಷ್ಠ ಎರಡು ಸಲ ಮಾಡಿದರೆ ಮಾತ್ರ ಫಲ. ಫುಟ್‌ಬಾಲ್‌ಗೆಂದು ಮಾಡಿದ್ದಾದರೂ ಕಬಡ್ಡಿ, ಖೋ ಖೋ ಮಕ್ಕಳಿಗೂ ಇದರ ಮಧ್ಯದ ಭಾಗ ಚೆನ್ನಾಗಿ ಹೊಂದುತ್ತದೆ. ವಾಲಿಬಾಲ್ ತಂಡವಾದರೆ ಇದರ ಜೊತೆಗೆ ನೆಗೆದು ಇಳಿಯುವುದನ್ನೂ ಕಲಿಸಿ: ಕೊನೆಯ ಹೆಜ್ಜೆಯಲ್ಲಿ ಮುಂದಕ್ಕಲ್ಲ, ಮೇಲಕ್ಕೆ ನೆಗೆದರೆ ಪಾದ ನೆಟ್‌ನ ಮಧ್ಯಗೆರೆ ದಾಟುವುದಿಲ್ಲ.

ಎಂಟು ವಾರ ಕ್ರಮವಾಗಿ ಮಾಡಿಯೂ ಬಾವು ಇಳಿಯದಿದ್ದರೆ, ಗೆಣ್ಣಿನ ಆಳದಲ್ಲಿ ನೋವು ಉಳಿದಿದ್ದರೆ, ಮೆಟ್ಟಿಲಿಳಿಯುವಾಗ ಕೀಲು ಸಿಕ್ಕಿಕೊಂಡಂತಾದರೆ ಗೆಣ್ಣಿನ ಕೀಲಿನೊಳಗಿನ ಟೇಲಸ್ ಮೂಳೆಯ ಮೃದ್ವಸ್ಥಿಗೆ ಪೆಟ್ಟಾಗಿರಬಹುದು. ಹೊರ ಉಬ್ಬಿನ ಹಿಂದೆ ಏನೋ ಟಕ್ಕೆಂದು ಜಾರುವಂತಿದ್ದರೆ ಪೆರೋನಿಯಲ್ ಸ್ನಾಯುರಜ್ಜು ತನ್ನ ಕಾಲುವೆ ಬಿಟ್ಟು ಬರುತ್ತಿರಬಹುದು. ಇವೆರಡೂ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಮೂಳೆ ವೈದ್ಯರನ್ನು ಕಂಡು ಎಂಆರ್‌ಐ ಬಗ್ಗೆ ಕೇಳಿ. ಮೀನಖಂಡವೇ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಎಂಟು ವಾರವಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಾಲು ಆಡಿಸದೆ ಮಲಗಿದವರಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವುದುಂಟು.