ಪ್ಲೇಟ್‌ಲೆಟ್ ಕೊಡೋಕೆ ಹೋಗ್ತಿದ್ದೀರಾ? ಮೊದಲು ಇಷ್ಟು ತಿಳಿದುಕೊಳ್ಳಿ

ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪುಟ್ಟ ರಕ್ತಕಣ. ರಕ್ತ ಕೊಟ್ಟು ಅಭ್ಯಾಸ ಇರುವವರೂ ಪ್ಲೇಟ್‌ಲೆಟ್ ಕೊಡಿ ಅಂದರೆ ಹಿಂದೇಟು ಹಾಕುತ್ತಾರೆ. ಮಷೀನು, ಒಂದೂವರೆ ಎರಡು ಗಂಟೆ, ಯಾಕೆ ಬೇಕು ಅಂತ. ಆದರೆ ಕೆಂಪು ರಕ್ತಕಣವನ್ನು ಫ್ರಿಜ್‌ನಲ್ಲಿ ತಿಂಗಳಿಗೂ ಜಾಸ್ತಿ ಇಡಬಹುದು, ರಕ್ತದ ದ್ರವ ಭಾಗವಾದ ಪ್ಲಾಸ್ಮಾವನ್ನು ಫ್ರೀಜ್ ಮಾಡಿ ವರ್ಷದವರೆಗೆ ಇಡಬಹುದು. ಪ್ಲೇಟ್‌ಲೆಟ್ ಮಾತ್ರ 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡಿಸುತ್ತಾ ಇಟ್ಟರೂ 5ರಿಂದ 7 ದಿನಕ್ಕೆ ಮುಗಿಯಿತು. ಕ್ಯಾನ್ಸರ್‌ಗೆ ಕೀಮೋ ಚಿಕಿತ್ಸೆ ನಡೆಯುತ್ತಿರುವವರಿಗೆ ಇದು ಮತ್ತೆ ಮತ್ತೆ ಬೇಕಾಗುತ್ತದೆ. ಹಾಗಾಗಿ ಕೊಡುವವರು ಬರುತ್ತಲೇ ಇರಬೇಕು.

ಸುಮ್ನೆ ಎದ್ದು ಹೋಗಬೇಡಿ, ಮೊದಲು ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ. ಪ್ಲೇಟ್‌ಲೆಟ್ ಬೇರೆ ಮಾಡುವ ಈ ಮಷೀನು ಎಲ್ಲ ಕಡೆ ಇರುವುದಿಲ್ಲ. ಹಿಂದಿನ ಎರಡು ಮೂರು ದಿನದಲ್ಲಿ ಆಸ್ಪಿರಿನ್ ನುಂಗಿದ್ದರೆ ಹೇಳಿಬಿಡಿ, ಪ್ಲೇಟ್‌ಲೆಟ್ ಕೆಲಸ ಮಾಡದಂತೆ ತಡೆಯುವ ಮಾತ್ರೆ ಅದು. ಹಾಗಂತ ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ದಾನಕ್ಕೋಸ್ಕರ ನೀವೇ ನಿಲ್ಲಿಸಬೇಡಿ, ದಯವಿಟ್ಟು. ಹೊಟ್ಟೆ ತುಂಬ ಊಟ ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಕರಿದದ್ದು, ಜಿಡ್ಡಿನದು ಮಾತ್ರ ಬೇಡ. ಜಿಡ್ಡು ಜಾಸ್ತಿಯಾದರೆ ಪ್ಲಾಸ್ಮಾ ಹಾಲಿನ ಹಾಗೆ ಬೆಳ್ಳಗಾಗಿ, ಕೊಟ್ಟದ್ದು ವ್ಯರ್ಥವಾಗಬಹುದು.

ಅಲ್ಲಿ ತೂಕ, ಬಿಪಿ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಕೆ ನೋಡುತ್ತಾರೆ. ಎಣಿಕೆ ಕಡಿಮೆ ಅಂತ ವಾಪಸ್ ಕಳಿಸಿದರೆ ಬೇಜಾರು ಬೇಡ, ಅದು ನಿಮ್ಮ ಒಳ್ಳೆಯದಕ್ಕೇ. ಆಮೇಲೆ ಕೈಗೆ ಸೂಜಿ ಹಾಕುತ್ತಾರೆ. ರಕ್ತ ಮಷೀನಿಗೆ ಹೋಗಿ ಗಿರಗಿರ ತಿರುಗುತ್ತದೆ, ಪ್ಲೇಟ್‌ಲೆಟ್ ಬೇರೆಯಾಗಿ ಚೀಲಕ್ಕೆ ಇಳಿಯುತ್ತದೆ, ಉಳಿದದ್ದು ನಿಮ್ಮ ಮೈಗೇ ವಾಪಸ್ ಬರುತ್ತದೆ. ಚೀಲದಲ್ಲಿ ತುಂಬುವುದು ಕೆಂಪಲ್ಲ, ತಿಳಿ ಹಳದಿ. ಸೂಜಿ, ಪೈಪು ಎಲ್ಲ ಹೊಸದು, ಒಬ್ಬರಿಗೇ ಬಳಸಿ ಎಸೆಯುತ್ತಾರೆ.

ನಡುವೆ ತುಟಿ, ಬೆರಳ ತುದಿ ಜುಮುಜುಮು ಅನ್ನಬಹುದು. ರಕ್ತ ಹೆಪ್ಪುಗಟ್ಟದಿರಲಿ ಅಂತ ಸೇರಿಸುವ ಸಿಟ್ರೇಟ್ ನಿಮ್ಮ ರಕ್ತದ ಕ್ಯಾಲ್ಸಿಯಂ ಅನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ ಹಾಗೆ. ಇಷ್ಟಕ್ಕೆಲ್ಲ ಏನು ಹೇಳುವುದು ಅಂತ ಹಲ್ಲು ಕಚ್ಚಿ ಕೂರಬೇಡಿ. ಶುರುವಾದ ತಕ್ಷಣ ಹೇಳಿದರೆ ವೇಗ ಕಡಿಮೆ ಮಾಡುತ್ತಾರೆ, ಬೇಕಾದರೆ ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಚಳಿಯೂ ಆಗಬಹುದು, ಹೊದಿಕೆ ಕೇಳಿ.

ಪ್ಲಾಸ್ಮಾ ಮಾತ್ರ ಕೊಡುವುದೂ ಹೆಚ್ಚುಕಡಿಮೆ ಹೀಗೇ, ಬೇಗ ಮುಗಿಯುತ್ತದೆ. ನಿಮ್ಮದು ಎಬಿ ಗುಂಪಾ? ಹಾಗಾದರೆ ಪ್ಲಾಸ್ಮಾ ಬೇಕಾ ಅಂತ ನೀವೇ ಕೇಳಿ. ಎಬಿ ಪ್ಲಾಸ್ಮಾವನ್ನು ಯಾವ ಗುಂಪಿನವರಿಗೂ ಕೊಡಬಹುದು.

ಮುಗಿದ ಮೇಲೆ ಸ್ವಲ್ಪ ಹೊತ್ತು ಕೂತು, ಏನಾದರೂ ತಿಂದು ಹೊರಡಿ. ಆ ಕೈಯಲ್ಲಿ ಅವತ್ತು ಭಾರ ಎತ್ತಬೇಡಿ. ಕೊಟ್ಟ ಪ್ಲೇಟ್‌ಲೆಟ್ ಕೆಲವೇ ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮುಂದೆ ಯಾವಾಗ ಕೊಡಬಹುದು ಅಂತ ಕೇಳಿ, ತಾರೀಕು ಬರೆಸಿಕೊಂಡೇ ಹೊರಡಿ.